ಎಡ ಚಕ್ರಕ್ಕೆ ಎಡಗೈ

ಗಾಡಿಯ ಮುಂಭಾಗ ಹೊರುವ ಹಳೆಯ ಸರಳು ಕಾಲ ಕಳೆದ ಹಾಗೆ ಕೂರಬಹುದು, ತಾನಾಗಿ ಏಳುವುದು ಮಾತ್ರ ಸಾಧ್ಯವಿಲ್ಲ. ಮೂವತ್ತು ವರ್ಷ ಗಾಡಿಗಳ ಹೊಟ್ಟೆಯ ಕೆಳಗೆ ಮಲಗಿ ಎದ್ದ ಮೇಸ್ತ್ರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದಕ್ಕೇ ಬುಧವಾರ ಬೆಳಿಗ್ಗೆ ಜೇನಕ್ಕನ ಗಾಡಿಯ ಎಡ ಮುಂಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ಗೇಣು ಹಾಕಿದವನು, ಹಾಕಿದ ಕೈ ತೆಗೆಯದೆ ಹಾಗೇ ಕೂತುಬಿಟ್ಟ.

ಮಂಗಳವಾರ ಸಂಜೆ ತಾನೇ ಅಳೆದು ಕೂರಿಸಿದ್ದ ಎತ್ತರ, ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡಿನ ಅಂಚಿಗೆ ಎರಡು ಗೇಣು ಎರಡು ಬೆರಳು. ಈಗ ಅಷ್ಟೂ ಆದಮೇಲೆ ಇನ್ನೊಂದು ಬೆರಳು ಧಾರಾಳವಾಗಿ ತೂರುವಷ್ಟು ಜಾಗ ಉಳಿದಿತ್ತು. ಎದ್ದು ಸುತ್ತು ಹಾಕಿ ಬಲಗಡೆ ನೋಡಿದ. ಅಲ್ಲಿ ಬಿಟ್ಟದ್ದು ಬಿಟ್ಟ ಹಾಗೇ ಇತ್ತು.

“ಏನಾದ್ರೂ ಕಳಕೊಂಡ್ರಾ ಭಾವ?” ಶೆಡ್ಡಿನ ಮೂಲೆಯಲ್ಲಿ ಬ್ರೇಕಿನ ಡ್ರಮ್ಮು ಉಜ್ಜುತ್ತಿದ್ದ ಭಾವಮೈದ ತಲೆ ಎತ್ತದೆ ಕೇಳಿದ.

“ಇಲ್ಲ,” ಎಂದ ಮೇಸ್ತ್ರಿ. “ಇನ್ನೂ ಕಳಕೊಂಡಿಲ್ಲ.”

ಭಾವಮೈದ ಹೆಂಡತಿಯ ತಮ್ಮ. ಅಪ್ಪ ಅಮ್ಮ ಇಬ್ಬರೂ ಹೋದಮೇಲೆ ಅಕ್ಕನ ಮನೆಯಲ್ಲೇ ಬೆಳೆದವನು. ಹನ್ನೆರಡು ವರ್ಷದಿಂದ ಈ ಶೆಡ್ಡಿನಲ್ಲಿ ಮೇಸ್ತ್ರಿಯ ಎರಡನೆಯ ಜೋಡಿ ಕೈ. ಈಗ ಮೂವತ್ತು ದಾಟಿದ ಆಳು. ಉದ್ದಕ್ಕೆ ಬಿದಿರಿನ ಹಾಗೆ, ಮಾತಿಗೆ ಬೀಗ ಹಾಕಿಕೊಂಡ ಹಾಗೆ. ಅಂಗಿಯ ಜೇಬಿನಲ್ಲಿ ಸದಾ ಒಂದು ಅಳತೆ ಟೇಪು. ಮೇಸ್ತ್ರಿಗೆ ಆ ಟೇಪು ಕಂಡರೆ ಮೈಯೆಲ್ಲ ಉರಿ.

ಉರಿಗೆ ಕಾರಣವಿತ್ತು. ಈ ಶೆಡ್ಡು ಮೊದಲು ಮೇಸ್ತ್ರಿಯ ಗುರುವಾದ ದೊಡ್ಡ ಮೇಸ್ತ್ರಿಯದು. ಆತ ಟೇಪು ಮುಟ್ಟಿದವನಲ್ಲ. ‘ಎಡ ಚಕ್ರಕ್ಕೆ ಎಡಗೈ, ಬಲ ಚಕ್ರಕ್ಕೆ ಬಲಗೈ’ ಎನ್ನುವುದು ಆತನ ಕಟ್ಟಳೆ. ಒಂದೇ ಕೈಯಿಂದ ಎರಡೂ ಕಡೆ ಅಳೆಯುವುದೆಂದರೆ ಒಬ್ಬನೇ ಸಾಕ್ಷಿಯನ್ನು ಎರಡು ಸಲ ಕರೆದ ಹಾಗೆ ಎನ್ನುತ್ತಿದ್ದ. ಕೆಲಸ ಮುಗಿದ ಮೇಲೆ ಗಾಡಿಯ ಮುಂದೆ ನಿಂತು, ಹತ್ತೂ ಬೆರಳು ಅಗಲಿಸಿ, ಎರಡೂ ಅಂಗೈಯನ್ನು ಬಾನೆಟ್ಟಿನ ಮೇಲೆ ಒತ್ತಿ ಒಂದು ಗಳಿಗೆ ಕಣ್ಣು ಮುಚ್ಚುವುದು ಆತನ ಪದ್ಧತಿ. ‘ಹೋಗಿ ಬಾ’ ಎಂದು ಗಾಡಿಗೆ ಹೇಳುವ ಮಾತು ಅದು. ಮೇಸ್ತ್ರಿ ಶೆಡ್ಡಿನ ಜೊತೆಗೆ ಇವೆರಡನ್ನೂ ಪಡೆದುಕೊಂಡಿದ್ದ. ಇನ್ನೊಂದನ್ನು ತನ್ನ ತಾಯಿಯಿಂದ ತಂದಿದ್ದ. ಆಕೆ ದಿನವೂ ದೀಪ ಹಚ್ಚಿ ಗಟ್ಟಿಯಾಗಿ ಓದುತ್ತಿದ್ದ ಆರು ಸಾಲಿನ ಪದ್ಯ ಒಂದಿತ್ತು. ಮೇಸ್ತ್ರಿ ಬೋಲ್ಟಿನ ಸುತ್ತು ಎಣಿಸುತ್ತಿದ್ದುದು ಆ ಪದ್ಯದಿಂದಲೇ. ಒಂದು ಸಾಲು ಮುಗಿಯುವಷ್ಟರಲ್ಲಿ ಒಂದು ಸುತ್ತು. ಒಂದು ಪದ್ಯ ಮುಗಿದರೆ ಗಾಡಿಯ ಆ ಮಗ್ಗುಲು ಸುಮಾರು ಒಂದು ಇಂಚು ಮೇಲೆ, ಇಲ್ಲವೇ ಒಂದು ಇಂಚು ಕೆಳಗೆ.

ಜೇನಕ್ಕನ ಗಾಡಿ ನಾಲ್ಕೂ ಚಕ್ರ ಎಳೆಯುವ ಹಳೆಯ ಪಿಕಪ್ಪು. ಅದರ ಬಣ್ಣ ಯಾವುದೆಂದು ಈಗ ಜೇನಕ್ಕನೇ ಯೋಚಿಸಿ ಹೇಳಬೇಕು. ಹಿಂದೆ ಕಮಾನು ಪಟ್ಟಿಗಳು. ಮುಂದೆ ಸ್ಪ್ರಿಂಗಿನ ಜಾಗದಲ್ಲಿ ಎರಡು ಉದ್ದನೆಯ ಉಕ್ಕಿನ ಸರಳು, ಚಕ್ರಕ್ಕೊಂದರಂತೆ. ಸರಳಿನ ಒಂದು ತುದಿ ಚಕ್ರದ ತೋಳಿಗೆ ಸೇರಿದರೆ, ಇನ್ನೊಂದು ತುದಿ ಸೀಟಿನ ಕೆಳಗಿನ ಅಡ್ಡಪಟ್ಟಿಗೆ ಬಂದು ನಿಲ್ಲುತ್ತದೆ. ಅಲ್ಲಿ ಒಂದು ಬೋಲ್ಟು. ಬಿಗಿ ಮಾಡಿದರೆ ಸರಳು ಇನ್ನಷ್ಟು ತಿರುಚಿಕೊಂಡು ಗಾಡಿ ಆ ಕಡೆಗೆ ಏಳುತ್ತದೆ, ಸಡಿಲಿಸಿದರೆ ಕೂರುತ್ತದೆ. ಜೇನಕ್ಕನ ಗಾಡಿಯ ಮುಂಭಾಗ ವಯಸ್ಸಾಗಿ ಕುಸಿದಿತ್ತು. ಶುಕ್ರವಾರ ಅವಳು ನಲವತ್ತು ಜೇನುಪೆಟ್ಟಿಗೆ ಹೇರಿಕೊಂಡು ಬೆಟ್ಟ ಹತ್ತಬೇಕು. ದಾರಿಯುದ್ದ ಬಂಡೆ. ಹೊಟ್ಟೆ ತಗುಲಿದರೆ ಗಾಡಿ ಅಲ್ಲೇ ನಿಂತೀತು, ಒಂದು ಕಡೆಗೆ ವಾಲಿದರೆ ಪೆಟ್ಟಿಗೆಗಳು ಜಾರಿಯಾವು.

“ಎರಡೂ ಕಡೆ ಸಮ ಇರ್ಬೇಕು ಮೇಸ್ತ್ರೀ,” ಎಂದು ಸೋಮವಾರ ಗಾಡಿ ಬಿಡುವಾಗಲೇ ಹೇಳಿದ್ದಳು. “ಒಂದು ಪೆಟ್ಟಿಗೆ ಬಿದ್ರೂ ಅಷ್ಟೇ, ಕ್ಯಾಬಿನ್ನಲ್ಲಿ ಕೂತಿರೋ ನನ್ನ ಮುಖ ನಮ್ಮನೇವ್ರಿಗೂ ಗುರುತು ಸಿಗಲ್ಲ.”

ಸಾಮಾನ್ಯವಾಗಿ ಮೇಸ್ತ್ರಿ ಸಂಜೆ ಎತ್ತರ ಕೂರಿಸಿದರೆ ಮರುದಿನ ಬೆಳಿಗ್ಗೆ ಗಾಡಿಯವರು ಬಂದು ಒಯ್ಯುತ್ತಿದ್ದರು, ಮತ್ತೆ ಅಳೆಯುವ ಮಾತೇ ಇರಲಿಲ್ಲ. ಈ ಸಲ ಬ್ರೇಕಿನ ಕೆಲಸವೂ ಇದ್ದುದರಿಂದ ಗಾಡಿ ನಾಲ್ಕು ದಿನ ಶೆಡ್ಡಿನಲ್ಲೇ ನಿಲ್ಲಬೇಕಾಯಿತು. ಸರಳು ಎಷ್ಟು ಕೂತಿದೆಯೋ ನೋಡೋಣವೆಂದು ಬುಧವಾರ ಗೇಣು ಹಾಕಿದವನಿಗೆ ಕಂಡದ್ದು ಎದ್ದು ನಿಂತ ಸರಳು.

ಯಾರೋ ತಿರುಗಿಸಿದ್ದಾರೆ. ಯಾರೋ ಏನು? ಶೆಡ್ಡಿನ ಬೀಗದ ಕೈ ಇರುವುದು ಎರಡು. ಒಂದು ತನ್ನ ಸೊಂಟದಲ್ಲಿ, ಇನ್ನೊಂದು ಭಾವಮೈದನ ಜೇಬಿನಲ್ಲಿ, ಆ ಟೇಪಿನ ಪಕ್ಕದಲ್ಲೇ. ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆಯುವವನು ಅವನು. ಮೇಸ್ತ್ರಿ ಸ್ನಾನ ಮುಗಿಸಿ, ದೀಪದ ಮುಂದೆ ಕೂತು ಎದ್ದು ಬರುವಾಗ ಎಂಟು.

ಮೇಸ್ತ್ರಿ ಗಾಡಿಯ ಮುಂಭಾಗವನ್ನು ಜಾಕಿನ ಮೇಲೆ ಎತ್ತಿ, ಕೆಳಗೆ ತೂರಿ, ಪದ್ಯವನ್ನು ಮೊದಲಿನಿಂದ ಕೊನೆಯವರೆಗೆ ಗುನುಗುತ್ತ ಎಡ ಬೋಲ್ಟನ್ನು ಸಡಿಲಿಸಿದ. ಗಾಡಿ ಇಳಿಸಿ ನಾಲ್ಕು ಮಾರು ಹಿಂದಕ್ಕೆ ನೂಕಿ ಮುಂದಕ್ಕೆ ತಂದ, ಜಾಕಿನಿಂದ ಇಳಿದ ಚಕ್ರ ಹಾಗೆ ಉರುಳದೆ ತನ್ನ ಜಾಗಕ್ಕೆ ಕೂರುವುದಿಲ್ಲ. ಎಡಗೈಯಿಂದ ಅಳೆದ. ಎರಡು ಗೇಣು ಎರಡು ಬೆರಳು. ಅಂಗೈ ಅಗಲಿಸಿ ಬಾನೆಟ್ಟಿನ ಧೂಳಿನ ಮೇಲೆ ಒತ್ತಿದ. ಅಷ್ಟು ಹೊತ್ತೂ ಭಾವಮೈದ ಡ್ರಮ್ಮು ಉಜ್ಜುವುದನ್ನು ನಿಲ್ಲಿಸಿ ನೋಡುತ್ತಿದ್ದ. ಮೇಸ್ತ್ರಿ ತಿರುಗಿದ ಕೂಡಲೇ ಕಣ್ಣು ತಪ್ಪಿಸಿ ಮತ್ತೆ ಉಜ್ಜತೊಡಗಿದ. ಮೊದಲೇ ಬೆಳ್ಳಗಾಗಿದ್ದ ಡ್ರಮ್ಮು ಅದು.

ಮಧ್ಯಾಹ್ನ ಮೇಸ್ತ್ರಿ ಗ್ರೀಸು ತರಲು ಹೋಗಿದ್ದಾಗ ಇನ್ನೊಂದು ಕಂಡಿತು. ಬೀದಿಯ ತಿರುವಿನಲ್ಲಿ ಹೊಸದಾಗಿ ಒಂದು ಗ್ಯಾರೇಜು ಎದ್ದಿತ್ತು. ಮುಂದೆಲ್ಲ ಗಾಜು, ಒಳಗೆ ಗುಂಡಿ ಒತ್ತಿದರೆ ಗಾಡಿಯನ್ನು ಎತ್ತಿ ನಿಲ್ಲಿಸುವ ಯಂತ್ರ. ಆ ಗಾಜಿನ ಬಾಗಿಲು ತಳ್ಳಿಕೊಂಡು ಹೊರಗೆ ಬಂದವನು ಭಾವಮೈದ. ಬಾಗಿಲವರೆಗೆ ಬಂದು ಅವನ ಬೆನ್ನು ತಟ್ಟಿ ಕಳಿಸಿದವನು ಆ ಗ್ಯಾರೇಜಿನ ಯಜಮಾನ. ಇಬ್ಬರೂ ನಗುತ್ತಿದ್ದರು. ಭಾವಮೈದ ನಗುವುದನ್ನು ಮೇಸ್ತ್ರಿ ನೋಡಿ ಎಷ್ಟು ಕಾಲವಾಗಿತ್ತೋ!

ಶೆಡ್ಡಿಗೆ ಬಂದಮೇಲೆ ಸುಮ್ಮನೆ ಕೇಳುವವನಂತೆ ಕೇಳಿದ. “ಎಲ್ಲಿಗೆ ಹೋಗಿದ್ಯೋ?”

“ಕ್ಷೌರದಂಗಡಿಗೆ, ಭಾವ.”

ಮೇಸ್ತ್ರಿ ಅವನ ತಲೆಯನ್ನು ನೋಡಿದ. ಕೂದಲು ಕಿವಿಯ ಮೇಲೆ ಬಿದ್ದು ಕುತ್ತಿಗೆಯವರೆಗೆ ಇಳಿದಿತ್ತು. “ಕತ್ತರಿ ಮೊಂಡಾಗಿತ್ತು ಅನ್ಸತ್ತೆ,” ಎಂದ.

ಭಾವಮೈದ ತಲೆ ಸವರಿಕೊಂಡ. “ಜನ ತುಂಬಿದ್ರು. ವಾಪಸ್ ಬಂದೆ.”

ಬುಧವಾರ ಮಧ್ಯಾಹ್ನ ಕ್ಷೌರದಂಗಡಿ ತುಂಬುವುದುಂಟೆ? ಮೇಸ್ತ್ರಿಯ ಅನುಮಾನ ಗಟ್ಟಿಯಾಯಿತು. ಹಳೆಯದೆಲ್ಲ ಒಂದೊಂದಾಗಿ ಎದ್ದು ಬಂತು. ಹೋದ ವರ್ಷ ಜಾಕಿನ ಹಿಡಿ ಸಿಡಿದು ಮೇಸ್ತ್ರಿಯ ಎಡಗೈಗೆ ಬಡಿದಿತ್ತು, ಆರು ವಾರ ಪ್ಲಾಸ್ಟರು. ಆ ಆರು ವಾರ ಶೆಡ್ಡು ನಡೆಸಿದವನು ಭಾವಮೈದನೇ. ಆಗಲೇ ಯಜಮಾನಿಕೆಯ ರುಚಿ ಹತ್ತಿರಬೇಕು. ಪ್ಲಾಸ್ಟರು ಬಿಚ್ಚಿ ಬಂದ ದಿನದಿಂದ ಅವನ ಮಾತು ಕಡಿಮೆಯಾಯಿತು, ನೋಟ ಹೆಚ್ಚಾಯಿತು. ಅದೇ ಸುಮಾರಿಗೆ ಒಂದು ಚಿಕ್ಕ ಪುಸ್ತಕವೂ ಹುಟ್ಟಿಕೊಂಡಿತು. ಏನೋ ಗೀಚುವುದು, ಮೇಸ್ತ್ರಿ ಹತ್ತಿರ ಬಂದರೆ ಪಟ್ಟನೆ ಮುಚ್ಚಿ ಸಲಕರಣೆ ಪೆಟ್ಟಿಗೆಯ ತಳಕ್ಕೆ ತುರುಕುವುದು. ಈಗ ಎಲ್ಲವೂ ಒಂದಕ್ಕೊಂದು ಕೊಂಡಿ ಹಾಕಿಕೊಂಡವು. ಮೇಸ್ತ್ರಿಯ ಕೈ ಕೆಟ್ಟಿದೆ ಎಂದು ಊರಿಗೆಲ್ಲ ತೋರಿಸಬೇಕು. ಜೇನಕ್ಕನ ಪೆಟ್ಟಿಗೆಗಳು ಬೆಟ್ಟದ ದಾರಿಯಲ್ಲಿ ಉರುಳಬೇಕು. ಗಿರಾಕಿಗಳು ಗಾಜಿನ ಬಾಗಿಲಿಗೆ ಹೋಗಬೇಕು. ಅಲ್ಲಿ ಯಾರು ನಿಂತಿರುತ್ತಾರೆ? ಬಿಳಿ ಅಂಗಿ ತೊಟ್ಟುಕೊಂಡು, ಜೇಬಿನಲ್ಲಿ ಟೇಪು ಇಟ್ಟುಕೊಂಡು, ಇವನು!

ಗುರುವಾರ ಬೆಳಿಗ್ಗೆ ಮೇಸ್ತ್ರಿ ಮತ್ತೆ ಎಡ ಚಕ್ರಕ್ಕೆ ಎಡಗೈ ಹಾಕಿದ. ತಪ್ಪಿರಲಿ ದೇವರೇ ಎಂದು ಬೇಡಿಕೊಂಡನೋ, ಸರಿಯಿರಲಿ ಎಂದು ಬೇಡಿಕೊಂಡನೋ ಅವನಿಗೇ ತಿಳಿಯಲಿಲ್ಲ. ಎರಡು ಗೇಣು, ಎರಡು ಬೆರಳು, ಮತ್ತೆ ಅದೇ ಹೆಚ್ಚಿನ ಜಾಗ. ಸರಿಯಾಗಿ ಒಂದು ಪದ್ಯದಷ್ಟು.

ಮತ್ತೆ ಇಳಿಸಿದ. ಈ ಸಲ ಭಾವಮೈದನನ್ನು ಪೆಟ್ರೋಲು ತರಲು ಕಳಿಸಿ, ಬಿಳಿ ಪೇಂಟಿನಲ್ಲಿ ಅದ್ದಿದ ಕಡ್ಡಿಯಿಂದ ಬೋಲ್ಟಿನ ತಲೆಯ ಮೇಲಿಂದ ಅಡ್ಡಪಟ್ಟಿಯ ಮೇಲಕ್ಕೆ ಕೂದಲೆಳೆಯಷ್ಟು ಸಣ್ಣ ಗೆರೆ ಎಳೆದ. ಒಣಗಿದ ಮೇಲೆ ಅದರ ಮೇಲೆ ತೆಳ್ಳಗೆ ಗ್ರೀಸು ಸವರಿದ. ಬೋಲ್ಟು ಅಲುಗಿದರೆ ಗೆರೆ ಮುರಿಯುತ್ತದೆ. ತಿರುಗಿಸಿದವನಿಗೆ ಗೆರೆ ಇದ್ದದ್ದೇ ತಿಳಿಯುವುದಿಲ್ಲ.

ಸಂಜೆ ಮನೆಯಲ್ಲಿ ಹೆಂಡತಿ ಬಟ್ಟೆ ಮಡಚುತ್ತಿದ್ದಳು. ಭಾವಮೈದ ಇನ್ನೂ ಬಂದಿರಲಿಲ್ಲ.

“ಅವನ ಬಟ್ಟೆ ಬೇರೆ ಇಡು,” ಎಂದ ಮೇಸ್ತ್ರಿ. “ಪೆಟ್ಟಿಗೆಗೆ ಹಾಕು.”

“ಎಲ್ಲಿಗಾದ್ರೂ ಕಳಿಸ್ತಿದ್ದೀರಾ?”

“ಎಲ್ಲಿಗೆ ಹೋಗ್ಬೇಕೋ ಅವನಿಗೇ ಗೊತ್ತು. ಗಾಜಿನ ಗ್ಯಾರೇಜಲ್ಲಿ ಮಲಗೋಕೆ ಜಾಗ ಕೊಡ್ತಾರೇನೋ.”

ಹೆಂಡತಿಯ ಕೈ ನಿಂತಿತು. ಮೇಸ್ತ್ರಿ ಎಲ್ಲ ಹೇಳಿದ, ಬೋಲ್ಟು, ಕ್ಷೌರ, ಚಿಕ್ಕ ಪುಸ್ತಕ, ಬಿಳಿ ಗೆರೆ. ಆಕೆ ಮಧ್ಯೆ ಬಾಯಿ ಹಾಕದೆ ಕೇಳಿದಳು.

“ನೀವು ಅವನನ್ನ ಕೇಳಿದ್ರಾ?”

“ಕಳ್ಳನ್ನ ಕಳ್ಳಾ ಅಂತ ಕೇಳಿದ್ರೆ ಹೂಂ ಅಂತಾನಾ?”

“ಚಿಕ್ಕಂದಿನಿಂದ ನಿಮ್ಮ ಪಕ್ಕದಲ್ಲಿ ಕೂತು ಉಂಡವನು ರೀ.”

“ಅದಕ್ಕೇ ಹೊಟ್ಟೆ ಉರಿಯೋದು. ನಾಳೆ ಬೆಳಿಗ್ಗೆ ಗೆರೆ ಮುರಿದಿರಲಿ, ಆಮೇಲೆ ಅವನು ಶೆಡ್ಡಿಗೂ ಇಲ್ಲ, ಮನೆಗೂ ಇಲ್ಲ.”

ಆಕೆ ಎದ್ದು ಮಂಚದ ಕೆಳಗಿನಿಂದ ತಗಡಿನ ಪೆಟ್ಟಿಗೆ ಎಳೆದಳು. ಗೂಟದ ಮೇಲಿದ್ದ ಅಂಗಿಗಳನ್ನು ತೆಗೆದು ಒಂದೊಂದನ್ನೂ ಮೂರು ಮೂರು ಸಲ ಮಡಚಿದಳು. ಮಡಚಿದ್ದನ್ನು ಬಿಡಿಸಿ ಮತ್ತೆ ಮಡಚಿದಳು. ಮುಚ್ಚಳ ಹಾಕಿದಳು, ಬೀಗ ಹಾಕಲಿಲ್ಲ. “ತುಂಬು ಅಂದ್ರಿ, ತುಂಬಿದೀನಿ. ಹೊರೋ ಕೆಲಸ ನಿಮ್ಮದು,” ಎಂದಳು. “ಒಂದು ನೆನಪಿರ್ಲಿ. ನಾಳೆ ನಿಮ್ಮ ಲೆಕ್ಕ ತಪ್ಪಾದ್ರೆ ಇದನ್ನ ಹೊತ್ಕೊಂಡು ವಾಪಸ್ ಬರೋರೂ ನೀವೇ.”

ಮೇಸ್ತ್ರಿ ಬೀದಿ ಖಾಲಿಯಾಗಿದ್ದ ಹೊತ್ತು ನೋಡಿ ಪೆಟ್ಟಿಗೆಯನ್ನು ಶೆಡ್ಡಿಗೆ ಸಾಗಿಸಿ, ಹಳೆಯ ಟೈರುಗಳ ರಾಶಿಯ ಹಿಂದೆ ಇಟ್ಟು, ಮೇಲೆ ಗೋಣಿ ಹೊದಿಸಿದ.

ಶುಕ್ರವಾರ ಅವನು ದೀಪದ ಮುಂದೆ ಕೂರಲಿಲ್ಲ. ತಾಯಿ ಹೋದಮೇಲೆ ಹಾಗೆ ತಪ್ಪಿಸಿದ್ದು ಅದೇ ಮೊದಲು. ಆರೂಕಾಲಿಗೆ ಶೆಡ್ಡಿನ ಹಿಂಬಾಗಿಲಿಗೆ ಬಂದು ಸಂದಿಯಲ್ಲಿ ಕಿವಿಯಿಟ್ಟ. ಒಳಗೆ ಜಾಕು ಕಿರುಗುಟ್ಟಿದ ಸದ್ದು. ಆಮೇಲೆ ಪಾನಾ ಬೋಲ್ಟಿಗೆ ಕಚ್ಚಿಕೊಂಡ ಸದ್ದು. ಆಮೇಲೆ ಇನ್ನೊಂದು ಸದ್ದು.

ಗಾಡಿಯ ಕೆಳಗಿನಿಂದ ಪದ್ಯ ಬರುತ್ತಿತ್ತು. ಅವನ ತಾಯಿಯ ಪದ್ಯ. ಅದೇ ಧಾಟಿ, ಅದೇ ಏರಿಳಿತ, ಎರಡನೆಯ ಸಾಲಿನ ಕೊನೆಗೆ ಉಸಿರೆಳೆದುಕೊಳ್ಳಲು ನಿಲ್ಲುವ ಜಾಗವೂ ಅದೇ. ಒಂದೊಂದು ಸಾಲಿಗೆ ಒಂದೊಂದು ಸುತ್ತು. ತನ್ನ ಕೆಲಸವನ್ನು ತನ್ನ ತಾಯಿಯ ಪದ್ಯದಿಂದಲೇ ಕೆಡಿಸುತ್ತಿದ್ದಾನೆ! ಮೇಸ್ತ್ರಿಗೆ ಬಾಗಿಲು ಒದ್ದು ಒಳಗೆ ನುಗ್ಗಬೇಕೆನಿಸಿತು. ಆದರೂ ಆರನೆಯ ಸಾಲು ಮುಗಿಯುವವರೆಗೆ ಕಾಲು ಕಿತ್ತಿಡಲಾಗಲಿಲ್ಲ. ಆ ಪದ್ಯವನ್ನು ನಡುವೆ ನಿಲ್ಲಿಸಿ ಅವನಿಗೆ ಅಭ್ಯಾಸವೇ ಇರಲಿಲ್ಲ.

ಪದ್ಯ ಮುಗಿಯಿತು, ಜಾಕು ಇಳಿಯಿತು, ಗಾಡಿ ಉರುಳಿ ನಿಂತಿತು. ಮೇಸ್ತ್ರಿ ಬಾಗಿಲು ತಳ್ಳಿದ.

ಭಾವಮೈದ ಎಡ ಚಕ್ರದ ಪಕ್ಕ ಮೊಣಕಾಲೂರಿ ಟೇಪು ಹಿಡಿದಿದ್ದ. ಮೇಸ್ತ್ರಿಯನ್ನು ಕಂಡವನೇ ಟೇಪು ಬಿಟ್ಟ, ಅದು ಸರ್ರನೆ ಸುರುಳಿ ಸುತ್ತಿಕೊಂಡು ಒಳಕ್ಕೆ ಹೋಯಿತು.

“ಮುಂದುವರಿಸಪ್ಪ,” ಎಂದ ಮೇಸ್ತ್ರಿ. “ಯಾಕೆ ನಿಲ್ಲಿಸ್ದೆ? ಗಾಜಿನ ಗ್ಯಾರೇಜ್ನೋರು ಎಷ್ಟು ಸುತ್ತು ಹೇಳ್ಕೊಟ್ಟಿದಾರೆ?”

“ಭಾವ…”

“ಬಾಯ್ಮುಚ್ಚು. ಮೂರು ದಿನದಿಂದ ನೋಡ್ತಿದೀನಿ. ಕೆಳಗೆ ತೂರಿ ನೋಡು, ಬೋಲ್ಟಿನ ತಲೆ ಮೇಲೆ ಗೆರೆ ಎಳೆದಿದ್ದೆ. ನನಗೆ ಕಣ್ಣಿಲ್ಲ ಅಂದ್ಕೊಂಡ್ಯಾ?”

ಹೊರಗೆ ಗೇಟು ಕಿರ್ರೆಂದಿತು. ಜೇನಕ್ಕ ಬಂದಿದ್ದಳು. ತಲೆಗೆ ಬಲೆಯ ಟೋಪಿ, ಕಂಕುಳಲ್ಲಿ ಚಪ್ಪಟೆ ತಗಡಿನ ತಟ್ಟೆಗಳ ಕಟ್ಟು, ಜೇನುಹುಳುಗಳಿಗೆ ಸಕ್ಕರೆ ಪಾಕ ಇಡುವ ತಟ್ಟೆಗಳು. ಅರವತ್ತು ದಾಟಿದ್ದರೂ ಆಕೆಯ ನಡಿಗೆಯಲ್ಲಿ ದಡಬಡವಿತ್ತು.

“ಬೆಳಿಗ್ಗೇನೇ ಏನ್ರೀ ಇದು, ಹುಳ ನಾನಿನ್ನೂ ತಂದೇ ಇಲ್ಲ, ಇಲ್ಲಾಗ್ಲೇ ಗುಂಯ್ಗುಡ್ತಿದೆ?”

“ಒಳ್ಳೇ ಹೊತ್ತಿಗೆ ಬಂದ್ರಿ ಜೇನಕ್ಕ. ನೀವೇ ಸಾಕ್ಷಿ,” ಎಂದ ಮೇಸ್ತ್ರಿ. “ನಾನು ಸಮ ಮಾಡಿದ್ದನ್ನ ಈ ಮಹಾಶಯ ದಿನಾ ಬೆಳಿಗ್ಗೆ ಎತ್ತಿ ಇಡ್ತಿದಾನೆ. ನಿಮ್ಮ ಪೆಟ್ಟಿಗೆ ಬೆಟ್ಟದಲ್ಲಿ ಉರುಳ್ಲಿ ಅಂತ. ನೋಡಿ ಇಲ್ಲಿ.”

ಕೂತು ಎಡಗೈ ಹಾಕಿದ. ಒಂದು ಗೇಣು, ಸೀಮೆಸುಣ್ಣದ ಗುರುತು. ಎರಡು ಗೇಣು, ಇನ್ನೊಂದು ಗುರುತು. ಎರಡು ಬೆರಳು. ಅದರ ಮೇಲೆ ಉಳಿದ ಜಾಗವನ್ನು ಬೆರಳಿಟ್ಟು ತೋರಿಸಿದ. “ಕಂಡ್ತಾ?”

ಜೇನಕ್ಕ ಬಗ್ಗಿ ನೋಡಿದಳು. ಹಿಂದೆ ಸರಿದು ಗಾಡಿಯ ಮುಖ ನೋಡಿದಳು. ಕಟ್ಟಿನಿಂದ ಒಂದು ತಟ್ಟೆ ಎಳೆದು, ಮುಂದಿನ ಅಗಲ ಬಂಪರಿನ ನಡುವೆ ಇಟ್ಟು, ಮೂಲೆಯಲ್ಲಿದ್ದ ಬಕೆಟ್ಟಿನಿಂದ ಅಂಚಿಗೆ ಒಂದು ಗೆರೆ ಕಡಿಮೆಯಾಗುವಷ್ಟು ನೀರು ತುಂಬಿದಳು. ಆ ಶೆಡ್ಡಿನ ನೆಲವನ್ನು ದೊಡ್ಡ ಮೇಸ್ತ್ರಿ ನೀರಿಟ್ಟು ನೋಡಿ ಹಾಕಿಸಿದ್ದ. ಚೆಲ್ಲಿದ ಎಣ್ಣೆ ಯಾವ ಕಡೆಗೂ ಓಡದೆ ಬಿದ್ದಲ್ಲೇ ನಿಲ್ಲುವಂಥ ನೆಲ.

ಮೂವರೂ ತಟ್ಟೆಯ ಮೇಲೆ ಬಗ್ಗಿದರು. ನೀರು ಒಂದಿಷ್ಟು ತೂಗಾಡಿ ನಿಂತಿತು. ಎಡದ ಅಂಚಿಗೆ ಎಷ್ಟು ದೂರವೋ ಬಲದ ಅಂಚಿಗೂ ಅಷ್ಟೇ.

“ಸಮ ಇದೆಯಲ್ರೀ ಮೇಸ್ತ್ರೀ,” ಎಂದಳು ಜೇನಕ್ಕ.

“ಬಂಪರು ಡೊಂಕಿರ್ಬೇಕು.”

“ನನ್ನ ಗಾಡೀಲಿ ಡೊಂಕಿಲ್ದೆ ಇರೋದು ಅದೊಂದೇ. ಹೋದ ತಿಂಗಳು ಹೊಸದು ಹಾಕಿದವರು ನೀವೇ.”

ಮೇಸ್ತ್ರಿ ತಟ್ಟೆಯನ್ನು ಇನ್ನೊಮ್ಮೆ ಬಗ್ಗಿ ನೋಡಿದ. ಇವರಿಬ್ಬರೂ ಸೇರಿಕೊಂಡಿದ್ದಾರೆಯೇ ಎಂಬ ಯೋಚನೆಯೂ ಒಂದು ಕ್ಷಣ ಸುಳಿದು ಹೋಯಿತು. ಜೇನಕ್ಕನ ಮುಖ ನೋಡಿದ. ಹೊರಡಲು ತಡವಾಗುತ್ತಿದೆ ಎಂಬ ಸಿಡುಕಿನ ಹೊರತು ಅಲ್ಲಿ ಏನೂ ಇರಲಿಲ್ಲ.

ಆಗ ಭಾವಮೈದ ಮೆಲ್ಲಗೆ ಹೇಳಿದ. “ಭಾವ, ಎಡ ಚಕ್ರಕ್ಕೆ ಒಂದೇ ಒಂದ್ಸಲ ಬಲಗೈ ಹಾಕಿ ನೋಡಿ.”

“ಹಾಕಲ್ಲ. ನನ್ನ ಗುರು ಹಾಕಿದವನಲ್ಲ.”

“ಅಯ್ಯೋ, ಹಾಕಿದ್ರೆ ಕೈಯೇನು ಸವೆದು ಹೋಗತ್ತಾ?” ಎಂದಳು ಜೇನಕ್ಕ. “ಬಿಸಿಲೇರೋಕೆ ಮುಂಚೆ ನಾನು ಪೆಟ್ಟಿಗೆ ತುಂಬ್ಬೇಕು. ಹಾಕಿ, ಹಾಕಿ.”

ಮೇಸ್ತ್ರಿ ಕೂತ. ಬಲಗೈಯನ್ನು ಆ ಕಡೆಗೆ ತರಲು ಮೈ ತಿರುಚಬೇಕಾಯಿತು, ಅಕ್ಷರ ಕಲಿಯುವ ಮಗುವಿನಂತೆ ಕೈ ತಡವರಿಸಿತು. ಒಂದು ಗೇಣು. ಹಳೆಯ ಗುರುತನ್ನು ದಾಟಿ ಕಿರುಬೆರಳು ಅರ್ಧ ಇಂಚು ಮುಂದೆ ಹೋಗಿ ನಿಂತಿತು. ಎರಡು ಗೇಣು. ಈಗ ಒಂದು ಇಂಚು ಮುಂದೆ. ಎರಡು ಬೆರಳು. ಮಡ್‌ಗಾರ್ಡಿನ ಅಂಚು ಬೆರಳಿಗೆ ತಾಗಿತು, ಹೆಚ್ಚಿಲ್ಲ, ಕಡಿಮೆಯಿಲ್ಲ.

ಅವನು ಎದ್ದು ನಿಂತ. ಗಾಡಿಯ ಮುಂದೆ ಬಂದ. ಬಾನೆಟ್ಟಿನ ಧೂಳಿನಲ್ಲಿ ಮೊನ್ನೆ ಒತ್ತಿದ್ದ ಎರಡು ಅಂಗೈಗಳ ಗುರುತು ಹಾಗೇ ಇತ್ತು. ಬಲಗೈ ಹೆಬ್ಬೆರಳಿನಿಂದ ಕಿರುಬೆರಳಿಗೆ ಪೂರ್ತಿ ಅರಳಿತ್ತು. ಎಡಗೈಯ ಕಿರುಬೆರಳು ಒಳಕ್ಕೆ ಬಾಗಿ, ತುದಿ ನೆಲ ಹುಡುಕುವ ಕೋಲಿನ ಹಾಗೆ ಓರೆಯಾಗಿ ಬಿದ್ದಿತ್ತು. ಜಾಕಿನ ಹಿಡಿ ಬಡಿದಿದ್ದ ಬೆರಳು. ಪ್ಲಾಸ್ಟರು ಬಿಚ್ಚಿದಾಗ ‘ಸರಿಹೋಯ್ತು’ ಎಂದು ತಾನೇ ಎಲ್ಲರಿಗೂ ಹೇಳಿ, ತಾನೂ ನಂಬಿದ್ದ ಬೆರಳು. ದಿನವೂ ದೀಪದ ಮುಂದೆ ಎರಡೂ ಕೈ ಜೋಡಿಸುತ್ತಿದ್ದ, ಕಣ್ಣು ಮುಚ್ಚಿಕೊಂಡು. ಅಗಲಿಸಿ ಹೋಲಿಸಿ ನೋಡಿದವನಲ್ಲ.

“ಯಾವಾಗಿಂದ ಗೊತ್ತು ನಿನಗೆ?”

ಭಾವಮೈದ ಸಲಕರಣೆ ಪೆಟ್ಟಿಗೆಯ ತಳದಿಂದ ಚಿಕ್ಕ ಪುಸ್ತಕ ತೆಗೆದುಕೊಟ್ಟ. ಮೇಸ್ತ್ರಿ ಬಿಡಿಸಿದ. ಮೊದಲ ಹಾಳೆಯಲ್ಲಿ ಎರಡು ಅಂಗೈಯ ಚಿತ್ರ, ಸೊಟ್ಟಸೊಟ್ಟಗೆ. ಬಲಗೈಯ ಕೆಳಗೆ ಒಂಬತ್ತು ಇಂಚು, ಎಡಗೈಯ ಕೆಳಗೆ ಎಂಟೂವರೆ. ಮುಂದಿನ ಹಾಳೆಗಳಲ್ಲಿ ಗಾಡಿಗಳು, ಇಂಥ ಸರಳಿನ ಗಾಡಿಗಳೇ. ಮರದ ಮಿಲ್ಲಿನವರದು, ಪಶುವೈದ್ಯರದು, ಕಲ್ಲು ಕಡಿಯುವವರದು. ಒಂದೊಂದರ ಮುಂದೆಯೂ ‘ಎಡ, ಒಂದು ಪದ್ಯ’ ಎಂದು ಬರೆದಿತ್ತು. ಒಟ್ಟು ಹದಿನಾಲ್ಕು ಗಾಡಿ. ಹದಿನಾಲ್ಕೂ ಗಾಡಿ ಈ ಶೆಡ್ಡಿನಿಂದ ಸಮವಾಗಿ ಹೊರಗೆ ಹೋಗಿದ್ದವು, ಮೇಸ್ತ್ರಿಯ ಕೈಗುಣವೆಂದು ಊರು ಹೊಗಳಿತ್ತು.

“ಗಾಜಿನ ಗ್ಯಾರೇಜಿಗೆ ಯಾಕೆ ಹೋಗಿದ್ದೆ?”

“ನೀವು ಮತ್ತೆ ಇಳಿಸಿದ್ದು ನೋಡಿ ಅನುಮಾನ ಬಂತು, ನನ್ನ ಟೇಪೇ ತಪ್ಪಿರ್ಬೇಕು ಅಂತ. ಅವರ ಉಕ್ಕಿನ ಪಟ್ಟಿ ಪಕ್ಕ ಇಟ್ಟು ನೋಡಿದೆ. ಸರಿಯಾಗಿತ್ತು.”

“ಅವನು ಬೆನ್ನು ತಟ್ಟಿ ನಕ್ಕನಲ್ಲ?”

“ಟೇಪಿಗೆ ಹುಷಾರಿಲ್ವಾ, ಡಾಕ್ಟ್ರಿಗೆ ತೋರ್ಸೋಕೆ ಬಂದ್ಯಾ ಅಂದ. ಅದಕ್ಕೆ ನಕ್ಕೆ.”

ಜೇನಕ್ಕ ಕಿಸಕ್ಕನೆ ನಕ್ಕು, ಮೇಸ್ತ್ರಿಯ ಮುಖ ಕಂಡು ಬಾಯಿಗೆ ಸೆರಗು ಇಟ್ಟುಕೊಂಡಳು.

“ನನಗೆ ಹೇಳ್ಬಾರ್ದಿತ್ತೇನೋ?” ಎಂದ ಮೇಸ್ತ್ರಿ.

“ನಿಮ್ಮ ಕೈ ತಪ್ಪು ಅಂತ ನಾನು ಹೇಳೋದಾ ಭಾವ? ಹೇಳಿದ್ರೆ ನಂಬ್ತಿದ್ರಾ?”

ಮೇಸ್ತ್ರಿಯ ಕಣ್ಣು ತಾನಾಗಿ ಟೈರಿನ ರಾಶಿಯ ಕಡೆ ಹೋಯಿತು. ಗೋಣಿ ಸರಿದು ಕೆಳಗೆ ಬಿದ್ದಿತ್ತು, ತಗಡಿನ ಪೆಟ್ಟಿಗೆಯ ಮೂಲೆ ಬೆಳಕಿಗೆ ಹೊಳೆಯುತ್ತಿತ್ತು.

“ನೋಡ್ದೆ,” ಎಂದ ಭಾವಮೈದ. “ನಿನ್ನೆ ಮಲಗೋವಾಗ ಗೂಟದಲ್ಲಿ ಒಂದು ಅಂಗೀನೂ ಇರ್ಲಿಲ್ಲ. ಅಕ್ಕ ನನ್ನ ಮುಖ ನೋಡ್ಲಿಲ್ಲ. ಬೆಳಿಗ್ಗೆ ಇಲ್ಲಿ ಪೆಟ್ಟಿಗೆ ಸಿಕ್ತು.”

“ನೋಡಿಯೂ ಬೋಲ್ಟು ತಿರುಗಿಸ್ದೆಯಾ?”

“ಜೇನಕ್ಕ ಇವತ್ತು ಬೆಟ್ಟ ಹತ್ಬೇಕಲ್ಲ ಭಾವ. ನನ್ನ ವಿಷ್ಯ ಆಮೇಲೆ ನೋಡ್ಕೊಳ್ಳೋಣ ಅಂದ್ಕೊಂಡೆ.”

ಜೇನಕ್ಕ ತಟ್ಟೆಯ ನೀರು ಚೆಲ್ಲಿ, ಗಾಡಿ ಹತ್ತಿ ಎಂಜಿನ್ನು ಚಾಲೂ ಮಾಡಿದಳು. “ತಮ್ಮಾ, ಒಂದು ಮಾತು,” ಎಂದು ಕಿಟಕಿಯಿಂದ ಕತ್ತು ಹೊರಗೆ ಹಾಕಿದಳು. “ಈ ಮನುಷ್ಯ ಓಡಿಸಿದ್ರೆ ನನ್ನ ಹತ್ರ ಬಾ. ಹುಳಗಳು ಕಚ್ಚತ್ವೆ ನಿಜ. ಕಚ್ಚೋಕೆ ಮುಂಚೆ ಮೂರು ದಿನ ಹೊಂಚು ಹಾಕಲ್ಲ.”

ಮೇಸ್ತ್ರಿ ಗಾಡಿಯ ಮುಂದೆ ನಿಂತು ಎರಡೂ ಅಂಗೈ ಎತ್ತಿದ. ಹಳೆಯ ಗುರುತುಗಳ ಮೇಲೆ ಇಡಹೋದವನು ತಡೆದು, ಪಕ್ಕಕ್ಕೆ ಸರಿದ. “ನೀನು ಇಡು,” ಎಂದ.

ಭಾವಮೈದ ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಅಲ್ಲಿ ಕೈ ಇಟ್ಟವನಲ್ಲ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಇಟ್ಟ. ಕಣ್ಣು ಮುಚ್ಚಬೇಕೆಂಬುದು ಅವನಿಗೆ ನೆನಪಾಗಲಿಲ್ಲ, ಮೇಸ್ತ್ರಿಯನ್ನೇ ನೋಡುತ್ತಿದ್ದ. ಅವನ ನೋಟದಲ್ಲಿ ಮೊದಲಿಲ್ಲದ ಒಂದು ಎಚ್ಚರಿಕೆ ಇತ್ತು. ಇನ್ನು ಮುಂದೆ ತನ್ನನ್ನು ಹೀಗೆಯೇ ನೋಡುತ್ತಾನೆ, ಎಷ್ಟು ಕಾಲವೋ ಏನೋ ಎಂದು ಮೇಸ್ತ್ರಿಗೆ ಅನ್ನಿಸಿತು.

ಗಾಡಿ ಗೇಟು ದಾಟಿ ಬೀದಿಗಿಳಿದು, ತಿರುವಿನಲ್ಲಿ ಮರೆಯಾಯಿತು. ಅತ್ತಿತ್ತ ವಾಲದೆ, ತಲೆಯ ಮೇಲೆ ಕೊಡ ಹೊತ್ತವರ ಹಾಗೆ ಹೋಯಿತು.

ಮೇಸ್ತ್ರಿ ಟೈರುಗಳ ಹಿಂದೆ ಹೋಗಿ ಪೆಟ್ಟಿಗೆ ಎಳೆದ.

“ಬಿಡಿ, ನಾನು ತರ್ತೀನಿ,” ಎಂದ ಭಾವಮೈದ. ಎಲ್ಲಿಗೆ ತರುವುದೆಂದು ಹೇಳಲಿಲ್ಲ.

“ಬೇಡ. ಹೊರೋನು ನಾನೇ ಅಂತ ನಿನ್ನಕ್ಕನ ಆಜ್ಞೆ ಆಗಿದೆ,” ಎಂದು ಮೇಸ್ತ್ರಿ ಪೆಟ್ಟಿಗೆಯನ್ನು ಹೆಗಲಿಗೇರಿಸಿದ. ನಿನ್ನೆ ಖಾಲಿಯಾಗಿದ್ದ ಬೀದಿ ಈಗ ತುಂಬಿತ್ತು. ಕ್ಷೌರದವನು ಅಂಗಡಿಯ ಬಾಗಿಲು ತೆಗೆಯುತ್ತಿದ್ದ. ಗಾಜಿನ ಗ್ಯಾರೇಜಿನ ಯಜಮಾನ ಗಾಜು ಒರೆಸುತ್ತ ನಿಂತಿದ್ದ. ಇಬ್ಬರೂ ಕೆಲಸ ಬಿಟ್ಟು ನೋಡಿದರು. ಮೇಸ್ತ್ರಿ ನೋಡಲಿ ಎಂದು ಬಿಟ್ಟ. ಹೆಗಲಿನ ಮೇಲೆ ತಗಡು ಒತ್ತುತ್ತಿತ್ತು, ಎಡಗೈಯ ಬಾಗಿದ ಬೆರಳು ಅಂಚನ್ನು ಸರಿಯಾಗಿ ಹಿಡಿಯುತ್ತಿರಲಿಲ್ಲ.

ಹತ್ತು ಹೆಜ್ಜೆ ಹಿಂದೆ ಚಪ್ಪಲಿಯ ಸದ್ದು ಬರುತ್ತಿತ್ತು. ಮೇಸ್ತ್ರಿ ತಿರುಗಿ ನೋಡಲಿಲ್ಲ, ನೋಡಿದರೆ ಸದ್ದು ನಿಂತುಹೋದೀತು ಎಂದು ಹೆದರಿ. ಮನೆಯ ತಿರುವಿನವರೆಗೂ ಹಾಗೇ ನಡೆದ.

“ಭಾವ,” ಎಂದಿತು ಹಿಂದಿನ ದನಿ, ಕೊನೆಗೂ.

“ಏನು?”

“ಎಡಕ್ಕೆ ವಾಲ್ತಿದೆ.”